ಯಂತ್ರಗಳಿಗೆ ವ್ಯಾಕರಣ ಬರೆದ ಫ್ರಾಂಜ್ ರೂಲೋ

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1876ರಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಜರ್ಮನಿಯ ತೀರ್ಪುಗಾರರ ಮುಖ್ಯಸ್ಥರಾಗಿ ಅಲ್ಲಿಗೆ ತೆರಳಿದ್ದವರು ಬರ್ಲಿನ್ನಿನ ಯಂತ್ರಶಾಸ್ತ್ರ ಪ್ರಾಧ್ಯಾಪಕ ಫ್ರಾಂಜ್ ರೂಲೋ. ಅವರು ತಾಯ್ನಾಡಿನ ಪತ್ರಿಕೆಗೆ ಬರೆದ ಪತ್ರಗಳು ದೊಡ್ಡ ಕೋಲಾಹಲವನ್ನೇ ಎಬ್ಬಿಸಿದವು. ಜರ್ಮನಿಯ ಸರಕು ಅಗ್ಗ, ಅಷ್ಟೇ ಕಳಪೆ ಎಂಬುದು ಅವರ ತೀರ್ಪಾಗಿತ್ತು. ಬೆಲೆ ಇಳಿಸಿ ಸ್ಪರ್ಧಿಸುವುದನ್ನು ಬಿಟ್ಟು ಗುಣದಲ್ಲಿ ಸ್ಪರ್ಧಿಸಬೇಕೆಂದು ಅವರು ಒತ್ತಾಯಿಸಿದರು. ಪರನಾಡಿನಲ್ಲಿ ಕುಳಿತು ಸ್ವದೇಶದ ಮಾನ ಕಳೆದರೆಂದು ಹಲವರು ಕಿಡಿಕಾರಿದರೂ ರೂಲೋ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ; ಮರುವರ್ಷ ಆ ಪತ್ರಗಳನ್ನೇ ಪುಸ್ತಕವಾಗಿ ಹೊರತಂದರು.

ಹೀಗೆ ಹೇಳುವ ಅಧಿಕಾರ ಅವರಿಗಿತ್ತು. 1829ರಲ್ಲಿ ಎಶ್‌ವೈಲರ್ ಎಂಬಲ್ಲಿ ಯಂತ್ರ ತಯಾರಕರ ಮನೆತನದಲ್ಲಿ ಹುಟ್ಟಿದ ರೂಲೋ, ಕಾರ್ಲ್ಸ್‌ರೂಹೆಯಲ್ಲಿ ಖ್ಯಾತ ಗುರು ರೆಡ್ಟೆನ್‌ಬಾಖರ್ ಅವರ ಬಳಿ ಕಲಿತರು. 1856ರಲ್ಲಿ ಜ್ಯೂರಿಚ್‌ನಲ್ಲಿ ಪ್ರಾಧ್ಯಾಪಕರಾಗಿ, 1864ರಲ್ಲಿ ಬರ್ಲಿನ್ನಿಗೆ ಬಂದು, ನಾಲ್ಕೇ ವರ್ಷಗಳಲ್ಲಿ ಅಲ್ಲಿನ ಔದ್ಯೋಗಿಕ ವಿದ್ಯಾಲಯದ ನಿರ್ದೇಶಕರಾದರು. ಓಟೋ ಮತ್ತು ಲಾಂಗೆನ್ ರೂಪಿಸಿದ ಅನಿಲ ಎಂಜಿನ್ 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಗೆಲ್ಲುವಲ್ಲಿಯೂ ಅವರ ಪಾತ್ರವಿತ್ತು. ಗಲಾಟೆ ಮಾಡುತ್ತಿದ್ದ ಆ ಎಂಜಿನ್ ಎಷ್ಟು ಕಡಿಮೆ ಅನಿಲ ಬಳಸುತ್ತದೆಂಬುದನ್ನು ಅಳೆದು ನೋಡಬೇಕೆಂದು ಹಟ ಹಿಡಿದವರು ಅವರೇ.

ಆದರೆ ರೂಲೋ ಅವರ ಹೆಸರು ಉಳಿದದ್ದು 1875ರ ಚಲನಶಾಸ್ತ್ರ ಗ್ರಂಥದಿಂದ. ಯಂತ್ರವೆಂದರೆ ಬಿಡಿಭಾಗಗಳ ರಾಶಿಯಲ್ಲ, ಜೋಡಿ ಜೋಡಿಯಾಗಿ ಕೂಡಿದ ಕೊಂಡಿಗಳ ಸರಪಳಿ ಎಂದು ಅವರು ತೋರಿಸಿದರು. ಉಗಿಯಂತ್ರವನ್ನೇ ನೋಡಬಹುದು. ಅದರಲ್ಲಿ ಚೌಕಟ್ಟು, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಪಿಸ್ಟನ್ ಎಂಬ ನಾಲ್ಕು ಕೊಂಡಿಗಳಿವೆ. ಚೌಕಟ್ಟನ್ನು ಸ್ಥಿರವಾಗಿಟ್ಟರೆ ಅದು ಉಗಿಯಂತ್ರ. ಅದೇ ಸರಪಳಿಯಲ್ಲಿ ಕನೆಕ್ಟಿಂಗ್ ರಾಡ್ ಸ್ಥಿರವಾದರೆ ಸಿಲಿಂಡರೇ ತೂಗಾಡುವ ಎಂಜಿನ್. ಪಿಸ್ಟನ್ನಿನ ಕೊಂಡಿ ಸ್ಥಿರವಾದರೆ ಒಂದು ಬಗೆಯ ಕೈಪಂಪು! ಬೇರೆ ಬೇರೆಯೆಂದು ತೋರುವ ಯಂತ್ರಗಳು ಒಂದೇ ಧಾತುವಿನ ರೂಪಗಳಾಗಿದ್ದವು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂದಿಗೂ ಯಂತ್ರಸಿದ್ಧಾಂತದ ಮೊದಲ ಪಾಠ ಇದೇ. ಸಮಬಾಹು ತ್ರಿಕೋನದ ಬದಿಗಳನ್ನು ಕಮಾನಾಗಿ ಉಬ್ಬಿಸಿದಂತಿರುವ, ಯಾವ ದಿಕ್ಕಿನಲ್ಲಿ ಅಳೆದರೂ ಒಂದೇ ಅಗಲವುಳ್ಳ ಆಕೃತಿಗೂ ಅವರ ಹೆಸರಿದೆ.

ಯಂತ್ರದಾಚೆಗೂ ಅವರ ಮನಸ್ಸು ಹರಿದಿತ್ತು. ಅಮೆರಿಕದ ಮೂಲನಿವಾಸಿಗಳ ಕಥೆಯನ್ನಾಧರಿಸಿ ಲಾಂಗ್‌ಫೆಲೋ ರಚಿಸಿದ ಹಿಯಾವಥಾ ಕಾವ್ಯವನ್ನು ಅವರು ಜರ್ಮನ್ ಭಾಷೆಗೆ ತಂದರು. ಸಿಡ್ನಿ ಮತ್ತು ಮೆಲ್ಬರ್ನ್ ಪ್ರದರ್ಶನಗಳಲ್ಲಿ ಜರ್ಮನಿಯನ್ನು ಪ್ರತಿನಿಧಿಸಿದ ಬಳಿಕ 1881ರಲ್ಲಿ ಭಾರತದ ಉದ್ದಗಲ ಸಂಚರಿಸಿ, 1884ರಲ್ಲಿ ಆ ಪ್ರವಾಸದ ನೆನಪುಗಳನ್ನು ಪ್ರಕಟಿಸಿದರು.

ಕೊನೆಯ ವರ್ಷಗಳು ಅವರ ಪಾಲಿಗೆ ಸಿಹಿಯಾಗಿರಲಿಲ್ಲ. ಸಹೋದ್ಯೋಗಿ ಅಲೋಯ್ಸ್ ರೀಡ್ಲರ್ ಮೊದಲಾದವರಿಗೆ ಪ್ರಯೋಗಶಾಲೆ ಮುಖ್ಯವಾಗಿತ್ತು. ರೂಲೋ ಅವರ ಸಿದ್ಧಾಂತ ಕಾರ್ಖಾನೆಗೆ ಒದಗದ ಒಣ ತರ್ಕವೆಂದು ಅವರು ದೂರಿದರು. ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ದೇಶದ ಸರಕನ್ನು ಒರೆಗೆ ಹಚ್ಚಿದ್ದ ಪ್ರಾಧ್ಯಾಪಕರನ್ನು ಹೊಸ ಪೀಳಿಗೆ ಒರೆಗೆ ಹಚ್ಚಿತ್ತು. 1896ರಲ್ಲಿ ನಿವೃತ್ತರಾದ ಅವರು 1905ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಪಾಠಕ್ಕೆಂದು ಅವರು ಬರ್ಲಿನ್ನಿನಲ್ಲಿ ಕೂಡಿಸಿದ್ದ 800ಕ್ಕೂ ಹೆಚ್ಚು ಲೋಹದ ಮಾದರಿಗಳಲ್ಲಿ ಬಹುಪಾಲು ಎರಡನೆಯ ಮಹಾಯುದ್ಧದಲ್ಲಿ ನಾಶವಾದವು. ಅವರ ಒಪ್ಪಿಗೆಯಿಂದ ಗುಸ್ತಾವ್ ಫೋಯ್ಗ್ಟ್ ತಯಾರಿಸಿದ, 1882ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಖರೀದಿಸಿದ ಪ್ರತಿಗಳ ಪೈಕಿ ಸುಮಾರು 220 ಉಳಿದುಕೊಂಡಿವೆ.