ಜಯಪಾಲ್ ಸಿಂಗ್ ಮುಂಡಾ ಅವರ ಚರಿತ್ರೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳಲ್ಲಿ ನಾಯಕ ಜನರು ಬಹು ಮಂದಿ ವಾಸಿಸುತ್ತಾರೆಂಬದು ನಿಮಗೆ ತಿಳಿದದ್ದೇ. 2011ರ ಜನಗಣತಿಯಂತೆ ಈ ಜಿಲ್ಲೆಯ ಎಂಟು ಮಂದಿಯಲ್ಲಿ ಸುಮಾರು ಒಬ್ಬರು ಪರಿಶಿಷ್ಟ ಪಂಗಡದವರು. ಇಂಥಾ ಜನರ ಹಕ್ಕುಗಳು ರಾಜ್ಯಾಂಗದಲ್ಲಿ ಬರೆಯಲ್ಪಡುತ್ತಿದ್ದ ಕಾಲದಲ್ಲಿ ಅವರ ಪರವಾಗಿ ಎದ್ದುನಿಂತ ಒಬ್ಬರ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ.

ಜಯಪಾಲ್ ಸಿಂಗರು 1903ರಲ್ಲಿ ರಾಂಚಿಯ ಸೀಮೆಯ ಟಕ್ರಾ ಎಂಬ ಹಳ್ಳಿಯಲ್ಲಿ ಮುಂಡಾ ಕುಲದಲ್ಲಿ ಹುಟ್ಟಿದರು. ಬಾಲ್ಯದಲ್ಲಿ ದನ ಕಾಯುತ್ತಿದ್ದ ಇವರು ರಾಂಚಿಯ ಸಂತ ಪೌಲನ ಮಿಶನ್ ಶಾಲೆಗೆ ಸೇರಿದರು. ಆ ಶಾಲೆಯ ಮುಖ್ಯೋಪಾಧ್ಯಾಯರು ಹುಡುಗನ ಬುದ್ಧಿಯನ್ನು ಕಂಡು ಇವರನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಅಲ್ಲಿ ಆಕ್ಸ್‌ಫರ್ಡಿನ ವಿದ್ಯೆ ಇವರಿಗೆ ದೊರಕಿತು. ಸರ್ಕಾರದ ಐ.ಸಿ.ಎಸ್. ಕೆಲಸಕ್ಕೂ ಆರಿಸಲ್ಪಟ್ಟರು, ಆದರೆ 1928ರಲ್ಲಿ ಹಾಕಿ ಆಟಗಾರರ ನಾಯಕರಾಗಿ ಆಮ್‌ಸ್ಟರ್‌ಡಾಮಿನ ಒಲಿಂಪಿಕ್ ಕ್ರೀಡೆಗಳಿಗೆ ರಜೆಯಿಲ್ಲದೆ ಹೊರಟು, ಆ ಉದ್ಯೋಗವನ್ನು ಬಿಟ್ಟರು. ಹಿಂದೂಸ್ಥಾನದ ಆಟಗಾರರು ಆ ವರುಷ ಚಿನ್ನದ ಪದಕವನ್ನು ಗೆದ್ದರು.

ಹೀಗೆ ಸುಖದ ದಾರಿ ತೆರೆದಿದ್ದರೂ ಸ್ವಜನರ ದುಃಖವನ್ನು ಇವರು ಮರೆಯಲಿಲ್ಲ. ಕಾಡು ಕಡಿದು ಹೊಲ ಮಾಡಿದವರ ಭೂಮಿಯು ಸಾಲಗಾರರ ಮತ್ತು ಜಮೀನ್ದಾರರ ಕೈಸೇರುತ್ತಿತ್ತು. 1939ರಲ್ಲಿ ಆದಿವಾಸಿ ಮಹಾಸಭೆಯವರು ಇವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. 1946ರಲ್ಲಿ ರಾಜ್ಯಾಂಗ ರಚನಾ ಸಭೆಯನ್ನು ಸೇರಿ, ಡಿಸೆಂಬರ್ 19ರಂದು, ತಮ್ಮ ಜನರೇ ಈ ದೇಶದ ಮೊದಲ ನಿವಾಸಿಗಳೆಂದೂ, ಪ್ರಜಾಪ್ರಭುತ್ವವನ್ನು ಅವರಿಗೆ ಕಲಿಸಬೇಕಾದ ಅಗತ್ಯವಿಲ್ಲವೆಂದೂ ಧೈರ್ಯವಾಗಿ ವಾದಿಸಿದರು. ಅವರು ಕೇಳಿದ್ದು ದಾನವನ್ನಲ್ಲ, ನ್ಯಾಯವನ್ನು.

ಕೇಳಿದ್ದೆಲ್ಲಾ ದೊರೆಯಲಿಲ್ಲ. ಆದಿವಾಸಿ ಎಂಬ ಹೆಸರು ರಾಜ್ಯಾಂಗದಲ್ಲಿ ನಿಲ್ಲಬೇಕೆಂದು ಬಯಸಿದರು, ಅದು ನಿಲ್ಲಲಿಲ್ಲ. ಐದನೆಯ ಅನುಸೂಚಿಯ ಪಂಗಡಗಳ ಮಂಡಲಿಗೆ ನಿಜವಾದ ಅಧಿಕಾರವಿರಬೇಕೆಂದರು. ಅದಕ್ಕೆ ಸಲಹೆ ಹೇಳುವ ಸ್ವಾತಂತ್ರ್ಯ ಮಾತ್ರ ಉಳಿಯಿತು. ಆದರೂ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳೂ, ಅನುಸೂಚಿತ ಕ್ಷೇತ್ರಗಳಿಗೆ ಬೇರೆ ಏರ್ಪಾಟೂ ರಾಜ್ಯಾಂಗದಲ್ಲಿ ಸೇರಿದವು. ಜಯಪಾಲ್ ಸಿಂಗರು 1970ರ ಮಾರ್ಚಿ 20ರಂದು ತೀರಿಕೊಂಡರು. ಅವರು ಬಯಸಿದ ಝಾರ್ಖಂಡ್ ರಾಜ್ಯವು 2000ದ ನವೆಂಬರ್ 15ರಂದು ಸ್ಥಾಪಿತವಾಯಿತು.

ನಮ್ಮ ಸೀಮೆಗೆ ಈ ಚರಿತ್ರೆಯಿಂದ ಏನಾಗಬೇಕು ಎಂದು ಒಬ್ಬರು ಕೇಳಬಹುದು. ಕರ್ನಾಟಕದಲ್ಲಿ ಅನುಸೂಚಿತ ಕ್ಷೇತ್ರವೆಂದು ಗೊತ್ತುಮಾಡಿದ ಸ್ಥಳ ಒಂದೂ ಇಲ್ಲ. ಆದದರಿಂದ ಇಲ್ಲಿಯ ಜನರಿಗೆ ಬೇರೆ ಕಾನೂನುಗಳೇ ಆಸರೆ. ಬೇಡ, ವಾಲ್ಮೀಕಿ ಎಂಬ ಹೆಸರುಗಳು ನಾಯಕರ ಹೆಸರಿನ ಸಂಗಡ ಪಟ್ಟಿಯಲ್ಲಿ ಸೇರಿದ್ದು 1991ರಲ್ಲಿ. ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರವು ಕೊಟ್ಟ ಜಮೀನನ್ನು ಅಪ್ಪಣೆಯಿಲ್ಲದೆ ಪರಭಾರೆ ಮಾಡಕೂಡದೆಂಬ ಶಾಸನವು 1978ರದು. ಆದರೆ ಕಾನೂನನ್ನು ಅರಿಯದ ಬಡವನು ಕಷ್ಟಕಾಲದಲ್ಲಿ ಬಿಳೀ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ, ಕಾನೂನು ಪುಸ್ತಕದಲ್ಲಿಯೇ ಉಳಿಯುವದು.

ಆದಕಾರಣ, ಓದು ಬಲ್ಲವರು ಓದಲರಿಯದ ನೆರೆಯವರಿಗೆ ಪಹಣಿಯನ್ನೂ ಪತ್ರಗಳನ್ನೂ ಓದಿ ಹೇಳಲಿ. ದನ ಕಾಯುವ ಹುಡುಗನಿಗೆ ದೊರೆತ ವಿದ್ಯೆಯು ಅವನ ಜನರೆಲ್ಲರ ಬಾಯಾಯಿತು. ನಮಗೆ ದೊರೆತ ಅಲ್ಪ ವಿದ್ಯೆಯೂ ಒಬ್ಬ ನೆರೆಯವನ ಹೊಲವನ್ನಾದರೂ ಉಳಿಸಬಹುದು.