ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರ ಚರಿತ್ರೆ

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಕೆಂಗೇರಿ ಮೊದಲಾದ ಕಡೆಗಳಲ್ಲಿ ಈಗ ವೃದ್ಧಾಶ್ರಮಗಳುಂಟು. ಅವುಗಳಲ್ಲಿ ಮುದುಕರನ್ನು ಹಗಲಿರುಳು ನೋಡಿಕೊಳ್ಳುವ ಕೆಲಸಕ್ಕೆ ಹಳ್ಳಿಯ ಯೌವನಸ್ಥರೂ ಹೋಗುತ್ತಾರೆ. ನಡುರಾತ್ರಿಯಲ್ಲಿ ಒಬ್ಬ ಅಜ್ಜಿಯು ಬಿದ್ದರೆ ಅವರು ಮಾಡತಕ್ಕದ್ದೇನು? ಪ್ರೀತಿಯೊಂದಿದ್ದರೆ ಸಾಕೆಂದು ಕೆಲವರು ಎಣಿಸುವರು. ಅದು ಸಾಲದೆಂದು ತಮ್ಮ ಜೀವಮಾನದಿಂದಲೇ ತೋರಿಸಿದ ಒಬ್ಬ ಅಮ್ಮನವರ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ನೈಟಿಂಗೇಲ್ ಅಮ್ಮನವರು 1820ನೆಯ ಮೇ 12ರಂದು ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಐಶ್ವರ್ಯವಂತರಾದ ಆಂಗ್ಲ ದಂಪತಿಗಳಿಗೆ ಹುಟ್ಟಿದರು. ದೇವರು ತನ್ನನ್ನು ಸೇವೆಗೆ ಕರೆದನೆಂದು ಹದಿನಾರನೆಯ ವಯಸ್ಸಿನಲ್ಲಿಯೇ ನಂಬಿದರು. ಆದರೆ ಆ ಕಾಲದಲ್ಲಿ ರೋಗಿಗಳ ಶುಶ್ರೂಷೆಯು ಹೀನವಾದ ಕೆಲಸವೆನಿಸಿತ್ತು; ತಾಯಿಯೂ ಅಕ್ಕನೂ ಬಹಳವಾಗಿ ಅಡ್ಡಿಮಾಡಿದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಪಾದ್ರಿ ಫ್ಲೀಡ್ನರರು ನಡಿಸುತ್ತಿದ್ದ ಸೇವಕಿಯರ ಗೃಹಕ್ಕೆ ಹೋಗಿ, ಸುಮಾರು ಮೂರು ತಿಂಗಳು ಶುಶ್ರೂಷೆಯನ್ನು ಕಲಿತರು.

1853ರಲ್ಲಿ ಲಂಡನಿನ ಹಾರ್ಲೆ ಬೀದಿಯಲ್ಲಿ ಅಸ್ವಸ್ಥ ಸ್ತ್ರೀಯರ ಒಂದು ಗೃಹವು ಇವರ ವಶಕ್ಕೆ ಬಂತು. ಅಲ್ಲಿ ಪ್ರತಿಯೊಬ್ಬ ರೋಗಿಗೂ ಒಂದು ಗಂಟೆ ಇರಬೇಕೆಂದು ಇವರು ಕೇಳಿದರು. ಆ ಗಂಟೆಗಳು ದಾದಿಯ ಬಾಗಿಲ ಬಳಿಯಲ್ಲಿ ಬಾರಿಸಬೇಕು. ಬಾರಿಸಿದಾಗ ಅದರ ಮುಚ್ಚಳವು ತೆರೆದು ಹಾಗೆಯೇ ನಿಲ್ಲಬೇಕು. ಕರೆದವರು ಯಾರೆಂಬುದು ದಾದಿಗೆ ಕೂಡಲೇ ತಿಳಿಯುವದಕ್ಕಾಗಿ ಈ ಏರ್ಪಾಡು.

1854ರಲ್ಲಿ ಇವರು 38 ಮಂದಿ ದಾದಿಯರೊಂದಿಗೆ ತುರ್ಕಿಯ ಸ್ಕುಟಾರಿಯ ಯುದ್ಧಾಸ್ಪತ್ರೆಗೆ ಹೋದರು. ಅಲ್ಲಿ ಗಾಯಗಳಿಗಿಂತ ರೋಗಗಳಿಂದಲೇ ಹೆಚ್ಚು ಸಿಪಾಯಿಗಳು ಸತ್ತರು. ದಾದಿಯರು ಬಹಳ ಕಷ್ಟಪಟ್ಟರೂ ಆ ಚಳಿಗಾಲದಲ್ಲಿ ಮರಣಗಳು ತಗ್ಗಲಿಲ್ಲ. 1855ರ ಮಾರ್ಚಿಯಲ್ಲಿ ನೈರ್ಮಲ್ಯದ ಅಧಿಕಾರಿಗಳು ಬಂದು ಚರಂಡಿಗಳನ್ನು ಶುದ್ಧಿಮಾಡಿಸಿದ ಮೇಲೆಯೇ ಅವು ಬಹಳವಾಗಿ ಕಡಿಮೆಯಾದವು. ಕನಿಕರಕ್ಕೆ ತಿಳುವಳಿಕೆಯೂ ಕೂಡಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೋ?

ಜನರು ಇವರ ಹೆಸರಿನಲ್ಲಿ ಕೂಡಿಸಿದ ಹಣದಿಂದ 1860ರಲ್ಲಿ ಲಂಡನಿನ ಸೆಂಟ್ ತಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆಯು ಸ್ಥಾಪಿತವಾಯಿತು. ಮೇಲ್ವಿಚಾರಕಳು ಎದುರಿಗಿರುವಾಗ ನಡೆಯುವ ಉಪಚಾರವು ಆಕೆಯು ಇಲ್ಲದಿರುವಾಗಲೂ ನಡೆಯುವಂತೆ ಮುಂದಾಗಿ ಏರ್ಪಡಿಸಬೇಕೆಂದು ಇವರು ತಮ್ಮ ಪುಸ್ತಕದಲ್ಲಿ ಬೋಧಿಸಿದರು. ತಾವೇ ಬಹುವರುಷ ಹಾಸಿಗೆ ಹಿಡಿದಿದ್ದು, ಇತರರ ಸಹಾಯದಿಂದ ಜೀವಿಸಿ, 1910ನೆಯ ಆಗಸ್ಟ್ 13ರಂದು ತೊಂಬತ್ತನೆಯ ವಯಸ್ಸಿನಲ್ಲಿ ತೀರಿಹೋದರು.

ಆದದರಿಂದ ಇಂಥ ಕೆಲಸಕ್ಕೆ ಹೋಗುವವರಿಗೆ ನಾವು ಹೇಳುವದೇನಂದರೆ, ಆಪತ್ತು ಬರುವ ಮೊದಲೇ ಕಲಿಯಿರಿ. 108ಕ್ಕೆ ಫೋನು ಮಾಡುವವರು ಯಾರು, ರೋಗಿಯ ಬಳಿಯಲ್ಲಿ ನಿಲ್ಲುವವರು ಯಾರು, ಔಷಧಗಳ ಪಟ್ಟಿಯು ಎಲ್ಲಿದೆ, ರಾತ್ರಿಯಲ್ಲಿ ಬಾಗಿಲ ಬೀಗದ ಕೈ ಯಾರಲ್ಲಿದೆ ಎಂಬುದನ್ನು ಹಗಲಿನಲ್ಲಿಯೇ ಗೊತ್ತುಮಾಡಿಕೊಳ್ಳಿರಿ. ಬಿದ್ದವರನ್ನು ಅವಸರದಿಂದ ಎಳೆದೆತ್ತಬೇಡಿರಿ. ಎಚ್ಚರವೂ ಸರಿಯಾದ ಉಸಿರಾಟವೂ ಇಲ್ಲದವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಾರಿ ಒತ್ತುವ ಕ್ರಮವನ್ನು ಬಲ್ಲವರಿಂದ ಅಭ್ಯಾಸಮಾಡಿರಿ. ಗಂಟೆಯು ಬಾರಿಸುವಾಗ ಕಲಿಯುವದಕ್ಕೆ ಸಮಯವಿರದು.