ಕಸ್ತೂರಬಾ ಅವರ ಮನೆವಾರ್ತೆ

ಮಹಾಪುರುಷರ ಜೀವನಚರಿತ್ರೆಗಳಲ್ಲಿ ಸಭೆ, ಸತ್ಯಾಗ್ರಹ, ಸೆರೆಮನೆಗಳ ವರ್ಣನೆ ಧಾರಾಳವಾಗಿ ದೊರೆಯುತ್ತದೆ. ಅವರ ಮನೆಯ ಒಲೆಯನ್ನು ಹೊತ್ತಿಸಿದವರಾರು, ನೀರು ಹೊತ್ತವರಾರು, ಹಿತ್ತಿಲಿನ ಗಿಡಗಳಿಗೆ ಪಾತಿ ಮಾಡಿದವರಾರು, ಕಸ ಗುಡಿಸಿದವರಾರು ಎಂಬ ಸಂಗತಿಗಳು ಮಾತ್ರ ಸಾಮಾನ್ಯವಾಗಿ ಬರಹಕ್ಕೆ ಇಳಿಯುವುದಿಲ್ಲ. ಮಹಾತ್ಮಾ ಗಾಂಧಿಯವರ ಬಾಳಿನಲ್ಲಾದರೋ ಈ ಪ್ರಶ್ನೆಗಳೇ ಬಹು ಮುಖ್ಯವಾದವು. ದೇಶದ ಸ್ವಾತಂತ್ರ್ಯವು ಮನೆಯ ಅಂಗಳದಿಂದ ಆರಂಭವಾಗಬೇಕೆಂದು ಅವರು ನಂಬಿದ್ದರು. ಆ ಮನೆಯ ಭಾರವನ್ನು ಅರುವತ್ತು ವರ್ಷಗಳ ಕಾಲ ಹೊತ್ತವರು ಅವರ ಪತ್ನಿ ಕಸ್ತೂರಬಾ.

ಕಸ್ತೂರಬಾ ಅವರು ೧೮೬೯ರಲ್ಲಿ ಗುಜರಾತಿನ ಕಡಲತೀರದ ಪೋರಬಂದರಿನಲ್ಲಿ ಜನಿಸಿದರು. ತಂದೆ ಗೋಕುಲದಾಸ ಮಾಕನಜಿಯವರು ಅನುಕೂಲಸ್ಥ ವ್ಯಾಪಾರಿಗಳು. ಅಂದಿನ ವಾಡಿಕೆಯಂತೆ ಹೆಣ್ಣುಮಗುವಿಗೆ ಶಾಲೆಯ ಭಾಗ್ಯ ಒದಗಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿಯೇ ತಮ್ಮ ಓರಗೆಯ ಮೋಹನದಾಸರೊಡನೆ ಅವರ ವಿವಾಹವಾಯಿತು. ಹರಿಲಾಲ, ಮಣಿಲಾಲ, ರಾಮದಾಸ, ದೇವದಾಸ ಎಂಬ ನಾಲ್ವರು ಗಂಡುಮಕ್ಕಳು ಈ ದಂಪತಿಗಳಿಗೆ ಜನಿಸಿದರು. ಮಡಿ, ಆಚಾರ, ವ್ರತನಿಯಮಗಳ ನಡುವೆ ಬೆಳೆದ ಕಸ್ತೂರಬಾ ಮಿತಭಾಷಿಗಳು. ಆದರೆ ತಮಗೆ ಒಪ್ಪಿಗೆಯಾಗದುದನ್ನು ಯಾರು ಹೇಳಿದರೂ ಸುಲಭವಾಗಿ ಒಪ್ಪುವ ಸ್ವಭಾವದವರಾಗಿರಲಿಲ್ಲ. ಪತಿಯ ಅಪ್ಪಣೆಗೂ ತಲೆಬಾಗದ ಹಟವನ್ನು ಬಾಲ್ಯದಾಂಪತ್ಯದಲ್ಲಿಯೇ ಅವರು ತೋರಿದ್ದರು. ಮುಂದೆ ಗಾಂಧೀಜಿಯವರು ಅಹಿಂಸೆಯ ಮೊದಲ ಪಾಠವನ್ನು ತಮ್ಮ ಪತ್ನಿಯಿಂದ ಕಲಿತುದಾಗಿ ಒಪ್ಪಿಕೊಂಡುದಕ್ಕೆ ಈ ಗುಣವೇ ಕಾರಣ.

೧೮೯೭ರ ಆರಂಭದಲ್ಲಿ ಕಸ್ತೂರಬಾ ಮಕ್ಕಳೊಡನೆ ದಕ್ಷಿಣ ಆಫ್ರಿಕದ ಡರ್ಬಾನ್ ನಗರವನ್ನು ತಲಪಿದರು. ಗಾಂಧೀಜಿ ಅಲ್ಲಿ ಹೆಸರಾಂತ ವಕೀಲರು. ಅವರ ಕಚೇರಿಯ ಗುಮಾಸ್ತರಲ್ಲಿ ಅನೇಕರು ಮನೆಯವರಂತೆ ಅದೇ ಮನೆಯಲ್ಲಿ ವಾಸಿಸುತ್ತಿದ್ದರು. ಕೋಣೆಗಳಿಂದ ಕೊಳೆನೀರು ಹೊರಗೆ ಹರಿದುಹೋಗಲು ಏರ್ಪಾಡಿರಲಿಲ್ಲವಾದುದರಿಂದ ಪ್ರತಿ ಕೋಣೆಯಲ್ಲೂ ಮೂತ್ರಪಾತ್ರೆಯನ್ನು ಇಡಬೇಕಾಗಿತ್ತು. ಅದನ್ನು ಸ್ವಚ್ಛಗೊಳಿಸಲು ಆಳನ್ನಾಗಲಿ ಜಾಡಮಾಲಿಯನ್ನಾಗಲಿ ಇಡದೆ ಮನೆಯವರೇ ಆ ಕೆಲಸವನ್ನು ಮಾಡಬೇಕೆಂಬುದು ಗಾಂಧೀಜಿಯವರ ನಿಯಮ. ಒಮ್ಮೆ, ಅಸ್ಪೃಶ್ಯರೆನಿಸಿದ ತಂದೆತಾಯಿಗಳಿಗೆ ಜನಿಸಿ ಕ್ರೈಸ್ತರಾಗಿದ್ದ ಗುಮಾಸ್ತರೊಬ್ಬರು ಹೊಸದಾಗಿ ಬಂದರು. ಅವರ ಪಾತ್ರೆಯನ್ನು ಎತ್ತುವ ಕೆಲಸ ಕಸ್ತೂರಬಾ ಅವರ ಪಾಲಿಗೆ ಬಂದಿತು. ಹುಟ್ಟಿದಂದಿನಿಂದ ಬೇರೂರಿದ್ದ ಸಂಸ್ಕಾರ ಅವರನ್ನು ತಡೆಯಿತು. ಪತಿಯೇ ಆ ಕೆಲಸ ಮಾಡುವುದನ್ನು ನೋಡಲೂ ಮನಸ್ಸು ಒಪ್ಪಲಿಲ್ಲ. ಕಣ್ಣೀರು ಸುರಿಸುತ್ತ ಪಾತ್ರೆಯನ್ನು ಹಿಡಿದು ಮೆಟ್ಟಿಲಿಳಿದರು.

ಕೆಲಸವನ್ನು ಮಾಡಿದರೆ ಸಾಲದು, ನಗುಮುಖದಿಂದ ಮಾಡಬೇಕೆಂದು ಗಾಂಧೀಜಿ ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು. ಕೋಪದ ಭರದಲ್ಲಿ ಪತ್ನಿಯ ಕೈಹಿಡಿದು ಎಳೆದುಕೊಂಡು ಹೋಗಿ, ಹೊರಗೆ ನೂಕಲೆಂದು ಬಾಗಿಲನ್ನು ತೆರೆದರು. ಪರದೇಶದಲ್ಲಿ ತನಗೆ ತಂದೆತಾಯಿಗಳಿಲ್ಲ, ಬಂಧುಗಳಿಲ್ಲ, ಹೋಗಲು ಬೇರೆ ಎಡೆಯಿಲ್ಲ ಎಂಬುದನ್ನು ನೆನಪಿಸಿ ಕಸ್ತೂರಬಾ ಅವರ ವಿವೇಕವನ್ನು ಎಚ್ಚರಗೊಳಿಸಿದರು. ಗಾಂಧೀಜಿ ನಾಚಿ ಬಾಗಿಲನ್ನು ಮುಚ್ಚಿದರು. ಈ ಪ್ರಸಂಗವನ್ನು ಅವರು ಮರೆಮಾಚದೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮನೆಗೆಲಸದಲ್ಲಿ ಮೇಲು ಕೀಳೆಂಬ ಭೇದವಿಲ್ಲವೆಂಬ ತತ್ತ್ವ ಎಷ್ಟೇ ಶ್ರೇಷ್ಠವಾದುದಾದರೂ ಅದನ್ನು ಮತ್ತೊಬ್ಬರ ಮೇಲೆ ಬಲವಂತದಿಂದ ಹೇರಿದಾಗ ತತ್ತ್ವವೇ ಕೆಡುತ್ತದೆಂಬ ಸತ್ಯ ಅಂದು ಆ ಮನೆಯ ಬಾಗಿಲಲ್ಲಿ ಬೆಳಕಿಗೆ ಬಂದಿತು.

೧೯೦೪ರ ಹೊತ್ತಿಗೆ ಕುಟುಂಬ ಜೋಹಾನ್ಸ್‌ಬರ್ಗಿನಲ್ಲಿ ನೆಲೆಸಿತು. ಅಲ್ಲಿ ಪೇಟೆಯ ರೊಟ್ಟಿಯನ್ನು ಬಿಟ್ಟು ಮನೆಯಲ್ಲಿಯೇ ಗೋದಿ ಬೀಸುವುದೆಂದು ನಿಶ್ಚಯವಾಯಿತು. ಅದಕ್ಕಾಗಿ ಏಳು ಪೌಂಡುಗಳ ಬೆಲೆಗೆ ಕೈಯಿಂದ ತಿರುಗಿಸುವ ಒಂದು ದೊಡ್ಡ ಬೀಸುವ ಯಂತ್ರವನ್ನು ಕೊಂಡು ತಂದರು. ಅದರ ಚಕ್ರ ಒಬ್ಬರಿಗೆ ಭಾರ, ಇಬ್ಬರಿಗೆ ಹಗುರ. ಗಾಂಧೀಜಿ, ಅವರ ಆಂಗ್ಲ ಮಿತ್ರ ಪೋಲಕ್, ಮಕ್ಕಳು ಸಾಮಾನ್ಯವಾಗಿ ಅದನ್ನು ತಿರುಗಿಸುತ್ತಿದ್ದರು. ಬೀಸುವ ಹೊತ್ತೇ ಅಡುಗೆ ಆರಂಭಿಸುವ ಹೊತ್ತೂ ಆದುದರಿಂದ ಕಸ್ತೂರಬಾ ಬಿಡುವಾದಾಗ ಕೈಗೂಡಿಸುತ್ತಿದ್ದರು. ನಮ್ಮ ನಾಡಿನಲ್ಲಿ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಹೆಂಗಸರು ಮಾತ್ರ ಕುಳಿತಿರುತ್ತಿದ್ದ ಕಾಲವದು. ಪೇರುಪಡೆದ ಬ್ಯಾರಿಸ್ಟರನೊಬ್ಬ ಮಕ್ಕಳೊಡನೆ ನಿಂತು ಹಿಟ್ಟು ಬೀಸುವುದು ಅಂದು ಸಾಮಾನ್ಯ ದೃಶ್ಯವಾಗಿರಲಿಲ್ಲ. ಪಾಯಿಖಾನೆಯನ್ನು ಶುಚಿಗೊಳಿಸುವುದರಲ್ಲಿಯೂ ಆ ಮನೆಯ ಮಕ್ಕಳು ಹೇಸಿಗೆಪಡದೆ ಪಾಲುಗೊಂಡರು.

ಅದೇ ೧೯೦೪ರಲ್ಲಿ ಗಾಂಧೀಜಿ ಡರ್ಬಾನಿನಿಂದ ೧೪ ಮೈಲಿ ದೂರದ ಫೀನಿಕ್ಸ್ ಎಂಬಲ್ಲಿ ಸುಮಾರು ೧೦೦ ಎಕರೆ ಭೂಮಿಯನ್ನು ಕೊಂಡರು. ಅಲ್ಲಿ ಒಂದು ಚಿಕ್ಕ ಒರತೆ, ಕೆಲವು ಕಿತ್ತಳೆ ಮತ್ತು ಮಾವಿನ ಮರಗಳು ಇದ್ದವು. ಉಳಿದುದೆಲ್ಲ ಹುಲ್ಲು, ಹಾವುಗಳು. ಆಂಗ್ಲ ಲೇಖಕ ರಸ್ಕಿನ್ನನ ಗ್ರಂಥವೊಂದನ್ನು ಓದಿ, ನೆಲವನ್ನು ಉತ್ತು ಬಾಳುವವನ ಬಾಳೇ ನಿಜವಾದ ಬಾಳೆಂದು ನಿಶ್ಚಯಿಸಿ ಗಾಂಧೀಜಿ ಈ ಬೀಡನ್ನು ಕಟ್ಟಿದರು. ನೆಲೆಸಿದ ಕುಟುಂಬಗಳಿಗೆ ಮೂರು ಮೂರು ಎಕರೆ ಭೂಮಿ ಹಂಚಿಕೆಯಾಯಿತು. ವಕೀಲನಾಗಲಿ ಮೊಳೆ ಜೋಡಿಸುವವನಾಗಲಿ ಎಲ್ಲರಿಗೂ ಒಂದೇ ಸಂಭಾವನೆ. ೧೯೦೬ರಲ್ಲಿ ಕಸ್ತೂರಬಾ ಮಕ್ಕಳೊಡನೆ ನಗರದ ಮನೆಯನ್ನು ಬಿಟ್ಟು ಇಲ್ಲಿಗೆ ಬಂದರು. ಪತಿ ಹೋರಾಟದ ನಿಮಿತ್ತ ಬಹುಕಾಲ ದೂರವಿರುತ್ತಿದ್ದುದರಿಂದ ಈ ಬೀಡಿನ ಕಷ್ಟಸುಖಗಳನ್ನು ಅವರು ತಾವೇ ನಿಭಾಯಿಸಬೇಕಾಯಿತು.

ಇಲ್ಲಿದ್ದಾಗ ಅವರು ರಕ್ತಸ್ರಾವದಿಂದ ಬಹಳ ಬಳಲಿದರು. ಉಪ್ಪು, ಬೇಳೆಗಳನ್ನು ಬಿಟ್ಟರೆ ಗುಣವಾಗಬಹುದೆಂದು ಗಾಂಧೀಜಿ ಸೂಚಿಸಿದಾಗ, ಅದನ್ನು ಬಿಡಲು ಅವರಿಂದಲೂ ಸಾಧ್ಯವಾಗದೆಂದು ಕಸ್ತೂರಬಾ ಮರುನುಡಿದರು. ಕೂಡಲೇ ಗಾಂಧೀಜಿ ಒಂದು ವರ್ಷ ಅವೆರಡನ್ನೂ ಬಿಡುವುದಾಗಿ ಪಣ ತೊಟ್ಟರು. ಡರ್ಬಾನಿನಲ್ಲಿ ಪತ್ನಿಗೆ ಅಪ್ಪಣೆ ಮಾಡಿದ್ದ ಪತಿ ಇಲ್ಲಿ ತಾನೇ ಮೊದಲು ಮಾಡಿ ತೋರಿಸುವುದನ್ನು ಕಲಿತಿದ್ದನು.

೧೯೧೦ರಲ್ಲಿ ಜರ್ಮನ್ ಮೂಲದ ವಾಸ್ತುಶಿಲ್ಪಿ ಕಾಲೆನ್‌ಬಾಕ್ ಎಂಬ ಮಿತ್ರರು ಜೋಹಾನ್ಸ್‌ಬರ್ಗಿನಿಂದ ೨೧ ಮೈಲಿ ದೂರದಲ್ಲಿದ್ದ ೧,೧೦೦ ಎಕರೆಗಳ ತಮ್ಮ ತೋಟವನ್ನು ಸತ್ಯಾಗ್ರಹಿಗಳ ಕುಟುಂಬಗಳಿಗೆ ಬಿಟ್ಟುಕೊಟ್ಟರು. ಟಾಲ್‌ಸ್ಟಾಯ್ ಫಾರ್ಮ್ ಎಂದು ಹೆಸರು ಪಡೆದ ಅಲ್ಲಿ ಸುಮಾರು ಸಾವಿರ ಹಣ್ಣಿನ ಮರಗಳಿದ್ದವು. ಕಸ್ತೂರಬಾ ಅವರ ಮುಖ್ಯ ನೆಲೆ ಫೀನಿಕ್ಸೇ ಆಗಿತ್ತಾದರೂ ಈ ತೋಟದ ಸುಖದುಃಖಗಳೂ ಅವರ ಮನೆವಾರ್ತೆಗೇ ಸೇರಿದ್ದವು. ಹಿಂದೂ, ಮುಸಲ್ಮಾನ, ಪಾರಸಿ, ಕ್ರೈಸ್ತ ಕುಟುಂಬಗಳು ಅಲ್ಲಿ ಒಂದೇ ಮನೆಯವರಂತೆ ಬಾಳಿದವು. ಆಳುಗಳೇ ಇರಲಿಲ್ಲ, ಅಡುಗೆಯಿಂದ ಹಿಡಿದು ಮಲ ಹೂಳುವವರೆಗೆ ಎಲ್ಲ ಕೆಲಸಗಳೂ ನಿವಾಸಿಗಳವೇ.

ಆ ತೋಟದಲ್ಲಿ ಯಾವ ವಸ್ತುವೂ ವ್ಯರ್ಥವಾಗುತ್ತಿರಲಿಲ್ಲ. ಬಳಸಿದ ನೀರನ್ನು ಬಕೆಟ್ಟುಗಳಲ್ಲಿ ಹಿಡಿದು ಮರಗಳಿಗೆ ಹಾಕುತ್ತಿದ್ದರು. ಉಳಿದ ಆಹಾರ, ತರಕಾರಿಯ ಸಿಪ್ಪೆ ಗೊಬ್ಬರವಾಗುತ್ತಿದ್ದವು. ಮನೆಯ ಸಮೀಪದಲ್ಲಿ ಒಂದೂವರೆ ಅಡಿ ಆಳದ ಗುಂಡಿ ತೆಗೆದು, ಮಲವನ್ನು ಅದರಲ್ಲಿ ಹಾಕಿ, ತೆಗೆದ ಮಣ್ಣಿನಿಂದಲೇ ಪೂರ್ಣವಾಗಿ ಮುಚ್ಚುತ್ತಿದ್ದುದರಿಂದ ವಾಸನೆಯಾಗಲಿ ನೊಣವಾಗಲಿ ಇರಲಿಲ್ಲ. ಅದೂ ಕಾಲಕ್ರಮದಲ್ಲಿ ಭೂಮಿಗೆ ಒಳ್ಳೆಯ ಗೊಬ್ಬರವಾಯಿತು. ನೆಲದಿಂದ ಪಡೆದುದು ನೆಲಕ್ಕೆ ಮರಳಬೇಕೆಂಬ ನಿಯಮವನ್ನು ಇಂದು ಪರಿಸರವಿಜ್ಞಾನ ಬೋಧಿಸುತ್ತಿದೆ. ಅಂದು ಅದು ಕೆಲವು ಬಡ ಕುಟುಂಬಗಳ ದಿನಚರಿಯಾಗಿತ್ತು.

ಈ ಬಾಳು ಕಸ್ತೂರಬಾ ಅವರನ್ನು ದೊಡ್ಡದೊಂದು ಪರೀಕ್ಷೆಗೆ ಸಿದ್ಧಗೊಳಿಸಿತು. ೧೯೧೩ರ ಮಾರ್ಚಿನಲ್ಲಿ ಅಲ್ಲಿನ ನ್ಯಾಯಾಲಯವೊಂದು ನೀಡಿದ ತೀರ್ಪಿನಿಂದ, ಕ್ರೈಸ್ತ ವಿಧಿಯಂತೆ ನಡೆಯದ ಭಾರತೀಯರ ವಿವಾಹಗಳಿಗೆ ಕಾನೂನಿನ ಮನ್ನಣೆ ಇಲ್ಲದಂತಾಯಿತು. ಸಾವಿರಾರು ಗೃಹಿಣಿಯರ ಮಾನಕ್ಕೆ ಬಂದ ಈ ಕುಂದನ್ನು ಸಹಿಸದೆ ಕಸ್ತೂರಬಾ ತಾವೇ ಸತ್ಯಾಗ್ರಹಕ್ಕೆ ಮುಂದಾದರು. ಆ ಸೆಪ್ಟೆಂಬರಿನಲ್ಲಿ ಫೀನಿಕ್ಸಿನಿಂದ ಹೊರಟ ೧೬ ಮಂದಿಯ ತಂಡದಲ್ಲಿ ಅವರನ್ನೂ ಸೇರಿಸಿ ನಾಲ್ವರು ಸ್ತ್ರೀಯರಿದ್ದರು. ಗಡಿ ದಾಟಿದುದಕ್ಕಾಗಿ ಅವರಿಗೆ ಮೂರು ತಿಂಗಳ ಕಠಿಣ ಶಿಕ್ಷೆಯಾಯಿತು. ಬಿಡುಗಡೆಯಾಗಿ ಬಂದಾಗ ಅವರ ದೇಹ ಅಸ್ಥಿಪಂಜರದಂತಾಗಿತ್ತು. ಮನಸ್ಸು ಮಾತ್ರ ಉಕ್ಕಿನಂತಾಗಿತ್ತು.

೧೯೧೫ರಲ್ಲಿ ತಾಯ್ನಾಡಿಗೆ ಮರಳಿದ ಬಳಿಕ ಅಹಮದಾಬಾದಿನ ಹತ್ತಿರ ಕೋಚರಬ್ ಎಂಬಲ್ಲಿ ಸತ್ಯಾಗ್ರಹಾಶ್ರಮ ಆರಂಭವಾಯಿತು. ಕೆಲವೇ ತಿಂಗಳಲ್ಲಿ ದೂದಾಭಾಯಿ, ಅವರ ಪತ್ನಿ ದಾನೀಬೆಹನ್, ಎಳೆಗೂಸು ಲಕ್ಷ್ಮಿ ಇವರ ಅಸ್ಪೃಶ್ಯ ಕುಟುಂಬ ಆಶ್ರಮವನ್ನು ಸೇರಿತು. ಹೊರಗಿನಿಂದ ಬರುತ್ತಿದ್ದ ಧನಸಹಾಯ ನಿಂತುಹೋಯಿತು. ಒಳಗೂ ಅಸಮಾಧಾನ ತಲೆದೋರಿತು. ಅಡುಗೆಮನೆಯಲ್ಲಿ ದಾನೀಬೆಹನ್ ಅವರ ಪ್ರವೇಶ ಕಸ್ತೂರಬಾ ಅವರಿಗೂ ರುಚಿಸಲಿಲ್ಲ. ಡರ್ಬಾನಿನ ಹಳೆಯ ಸಂಸ್ಕಾರ ಪೂರ್ಣವಾಗಿ ಅಳಿದಿರಲಿಲ್ಲ. ಆದರೆ ಒಂದೇ ಒಲೆಯ ಮುಂದೆ ಕುಳಿತು ಒಂದೇ ಹಿಟ್ಟನ್ನು ನಾದುವ ಕೈಗಳು ಬಹುಕಾಲ ದೂರವಿರಲಾರವು. ಮುಂದೆ ಆ ಲಕ್ಷ್ಮಿಯನ್ನು ಗಾಂಧೀಜಿ ತಮ್ಮ ಮಗಳೆಂದೇ ಸ್ವೀಕರಿಸಿದರು. ಕಸ್ತೂರಬಾ ಆ ಮಗುವಿಗೂ ತಾಯಿಯಾದರು. ಗುಜರಾತಿಯಲ್ಲಿ ಬಾ ಎಂದರೆ ತಾಯಿ. ಹೆಸರಿನ ತುದಿಯಲ್ಲಿದ್ದ ಆ ಅಕ್ಷರ ಅಂದಿನಿಂದ ಪೂರ್ಣವಾಗಿ ಸಾರ್ಥಕವಾಯಿತೆನ್ನಬೇಕು.

೧೯೧೭ರಲ್ಲಿ ಪ್ಲೇಗಿನ ಭಯದಿಂದ ಆಶ್ರಮವನ್ನು ಸಾಬರಮತಿ ನದಿಯ ದಂಡೆಗೆ ಸಾಗಿಸಲಾಯಿತು. ಬಯಲಿನಲ್ಲಿ ಡೇರೆಗಳು, ತಗಡಿನ ಮಾಡಿನ ಅಡುಗೆಮನೆ. ಮೊದಲ ದಿನಗಳ ವೈಭವ ಇಷ್ಟೇ. ಕ್ರಮೇಣ ಮರಗಳು ಬೆಳೆದವು, ಬೇಸಾಯ, ಗೋಶಾಲೆ, ನೇಯ್ಗೆಗಳು ನೆಲೆಗೊಂಡವು. ಗಂಡಸರು ತರಕಾರಿ ಹೆಚ್ಚುವುದೂ, ವಿದ್ವಾಂಸರು ಪಾಯಿಖಾನೆ ತೊಳೆಯುವುದೂ ಅಲ್ಲಿ ದಿನದ ಸಂಗತಿ. ಅದೇ ವರ್ಷ ಬಿಹಾರದ ಚಂಪಾರಣ್ಯದಲ್ಲಿ ಕಸ್ತೂರಬಾ ಹಳ್ಳಿಯ ಹೆಂಗಸರಿಗೆ ಶುಚಿತ್ವವನ್ನು ತಿಳಿಹೇಳಲು ಹೋದಾಗ, ಒಬ್ಬಳು ತನ್ನ ಗುಡಿಸಲನ್ನು ತೋರಿಸಿ, ಉಟ್ಟ ಸೀರೆಯ ಹೊರತು ಬೇರೊಂದಿಲ್ಲದಿರುವಾಗ ಒಗೆಯುವುದಾದರೂ ಹೇಗೆಂದು ಕೇಳಿದಳು. ಶುಚಿತ್ವದ ಮಾತಿಗೂ ಬಡತನದ ಮಾತಿಗೂ ಇರುವ ನಂಟನ್ನು ಆ ಗುಡಿಸಲು ಅವರಿಗೆ ತೋರಿಸಿಕೊಟ್ಟಿತು.

ಆಶ್ರಮದ ಈ ಶಿಕ್ಷಣದ ಫಲವನ್ನು ನಮ್ಮ ಬೆಳಗಾವಿಯೂ ಕಂಡಿತು. ೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅವರು ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು ಏರ್ಪಾಡುಗಳ ಮುಂದಾಳು. ನೀರಿಗಾಗಿ ತೋಡಿಸಿದ ಬಾವಿಗೆ ಪಂಪಾ ಸರೋವರವೆಂದು ಹೆಸರಿಟ್ಟರು. ಸಾವಿರಾರು ಜನ ನೆರೆದ ಆ ತಾತ್ಕಾಲಿಕ ನಗರದಲ್ಲಿ ಮಲಶುಚಿಯ ಕೆಲಸವನ್ನು ಹೊತ್ತವರು ಸಾಬರಮತಿ ಆಶ್ರಮದ ವಿದ್ವಾಂಸ ಕಾಕಾ ಕಾಲೇಲಕರರು. ಅವರ ಮುಂದಾಳುತನದಲ್ಲಿ ಮೇಲುಜಾತಿಯ ತರುಣರು ಪೊರಕೆ, ಬುಟ್ಟಿಗಳನ್ನು ಹಿಡಿದರು. ಅಂದಿಗೆ ೨೬ ವರ್ಷಗಳ ಹಿಂದೆ ಡರ್ಬಾನಿನ ಮೆಟ್ಟಿಲ ಮೇಲೆ ಒಬ್ಬ ಗೃಹಿಣಿಯ ಕಣ್ಣೀರಿಗೆ ಕಾರಣವಾಗಿದ್ದ ಕೆಲಸ, ಕನ್ನಡ ನಾಡಿನ ಮಣ್ಣಿನಲ್ಲಿ ತರುಣರ ಹೆಮ್ಮೆಯ ಕೆಲಸವಾಯಿತು.

ಕಸ್ತೂರಬಾ ಅವರ ಕೊನೆಯ ವರ್ಷಗಳು ವಾರ್ಧಾದ ಬಳಿಯ ಸೇವಾಗ್ರಾಮದಲ್ಲಿಯೂ ಸೆರೆಮನೆಗಳಲ್ಲಿಯೂ ಕಳೆದವು. ೧೯೪೨ರ ಆಗಸ್ಟಿನಲ್ಲಿ ಅವರನ್ನು ಬಂಧಿಸಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಗಾಂಧೀಜಿಯವರೊಡನೆ ಇಟ್ಟರು. ಎಪ್ಪತ್ತು ದಾಟಿದ ಪತ್ನಿಗೆ ಅಲ್ಲಿ ಗಾಂಧೀಜಿ ಮತ್ತೆ ಪಾಠ ಹೇಳತೊಡಗಿದರು. ಶಾಲೆಯ ಮುಖ ಕಾಣದ ಆ ತಾಯಿ ಮುಪ್ಪಿನಲ್ಲಿಯೂ ಕಲಿಯಲು ಬೇಸರಿಸಲಿಲ್ಲ. ೧೯೪೪ರ ಫೆಬ್ರುವರಿ ೨೨ರ ಸಂಜೆ, ಶಿವರಾತ್ರಿಯ ದಿನ, ಸೆರೆಯಲ್ಲಿಯೇ ಪತಿಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದರು. ಗಾಂಧೀಜಿ ಸ್ವತಃ ನೂತ ನೂಲಿನ ಸೀರೆಯನ್ನುಟ್ಟು ಅವರ ದೇಹ ಚಿತೆಯೇರಿತು. ಅವರ ನೆನಪಿಗಾಗಿ ಜನರು ನೀಡಿದ ನಿಧಿ ಒಂದು ಕೋಟಿ ರೂಪಾಯಿಗಳನ್ನು ಮೀರಿತು. ಅದರಿಂದ ಹಳ್ಳಿಯ ಸ್ತ್ರೀಯರ ಮತ್ತು ಮಕ್ಕಳ ಸೇವೆಗಾಗಿ ಕಸ್ತೂರಬಾ ಸ್ಮಾರಕ ಸಂಸ್ಥೆ ಹುಟ್ಟಿತು. ಕರ್ನಾಟಕದಲ್ಲಿ ಯಶೋಧರಾ ದಾಸಪ್ಪನವರ ಶ್ರಮದಿಂದ ಅರಸೀಕೆರೆ ಈ ಕಾರ್ಯದ ಕೇಂದ್ರವಾಯಿತು.

ಕಸ್ತೂರಬಾ ಅವರ ಬಾಳಿನಲ್ಲಿ ಪತಿಯ ಆದರ್ಶಗಳ ಭಾರ ಎಷ್ಟೋ ಸಲ ಅವರ ಹೆಗಲಿನ ಮೇಲೆಯೇ ಬಿದ್ದಿತು ಎಂಬುದನ್ನು ಮರೆಯಲಾಗದು. ಮನೆಯ ಕೆಲಸವನ್ನು ಎಲ್ಲರೂ ಹಂಚಿಕೊಂಡಾಗಲೂ ಎಲ್ಲರಿಗಿಂತ ಮೊದಲು ಎದ್ದು ಎಲ್ಲರ ಹಸಿವನ್ನು ನೆನೆಯುವ ಹೊಣೆ ತಾಯಿಯದೇ ಆಗುತ್ತದೆ. ಆದುದರಿಂದಲೇ ಈ ಪಾಠದಲ್ಲಿ ಗಂಡುಮಕ್ಕಳಿಗೆ ಹೆಚ್ಚಿನ ಪಾಲಿದೆ.

ಕೃಷ್ಣೆಯ ದಂಡೆಯ ಯಡೂರಿನಂತಹ ಊರುಗಳಲ್ಲಿ ನೀರಿಗೂ ಮಣ್ಣಿಗೂ ಕೊರತೆಯಿಲ್ಲ. ಬಚ್ಚಲಿನ ನೀರು ಬೀದಿಯ ಚರಂಡಿಗೆ ಹರಿದು ಸೊಳ್ಳೆಗೆ ನೆಲೆಯಾಗುವ ಬದಲು ಹಿತ್ತಿಲಿನ ಬಾಳೆಯ ಬುಡವನ್ನು ಸೇರಬಹುದು. ಅಡುಗೆಮನೆಯ ಸಿಪ್ಪೆ, ದನದ ಕೊಟ್ಟಿಗೆಯ ಕಸ ಗುಂಡಿಯಲ್ಲಿ ಕೊಳೆತು ಗೊಬ್ಬರವಾಗಬಹುದು. ಒಂದು ನುಗ್ಗೆ, ಒಂದು ಕರಿಬೇವು, ನಾಲ್ಕು ಮಡಿ ಮೆಂತ್ಯ, ಬದನೆ, ಹೀರೆ ಬಳ್ಳಿ ಇದ್ದರೆ ಮನೆಯ ಸಾರಿಗೆ ಕೊರತೆಯಾಗದು. ಬೆಳಿಗ್ಗೆ ಮಗನೊಬ್ಬ ಅಂಗಳ ಗುಡಿಸಿ, ಮಗಳೊಬ್ಬಳು ಗಿಡಗಳಿಗೆ ನೀರೆರೆದು, ತಂದೆ ನೀರು ತಂದು, ಎಲ್ಲರೂ ಉಂಡ ತಾಟುಗಳನ್ನು ತಾವೇ ಬೆಳಗಿಟ್ಟರೆ ಆ ಮನೆಯ ತಾಯಿಗೆ ಒಂದು ಗಳಿಗೆ ಕುಳಿತು ಪುಸ್ತಕವನ್ನು ಬಿಡಿಸುವ ಬಿಡುವು ದೊರೆಯುತ್ತದೆ. ಕಸ್ತೂರಬಾ ಅವರಿಗೆ ಆ ಬಿಡುವು ದೊರೆತುದು ಮುಪ್ಪಿನಲ್ಲಿ, ಸೆರೆಮನೆಯಲ್ಲಿ. ನಮ್ಮ ತಾಯಂದಿರಿಗೆ ಅದು ಅವರ ಮನೆಯಲ್ಲಿಯೇ ದೊರೆಯುವಂತಾಗಬೇಕು.